ಬಲಗಡೆಯ ಸೀಟು

ಕಾಕ್‌ಪಿಟ್ಟಿನ ಮೂಲೆಯಲ್ಲೊಂದು ಪುಟ್ಟ ಮೀಟರು.
ಎಂಜಿನ್ ಉಸಿರಾಡಿದಷ್ಟು ಹೊತ್ತೂ ಉರುಳುತ್ತದೆ,
ಆರು ನಿಮಿಷಕ್ಕೊಂದು ಅಂಕಿ.
ನೆಲ ಬಿಟ್ಟೆವೋ ಇಲ್ಲವೋ ಅದಕ್ಕೆ ಬೇಕಿಲ್ಲ.
ಮೈನಸ್ ಇಪ್ಪತ್ತೆರಡರ ಈ ಬೆಳಗ್ಗೆ
ಎಣ್ಣೆ ಬೆಚ್ಚಗಾಗಲೆಂದು ಸುಮ್ಮನೆ ಕೂತಿದ್ದೇವೆ
ನಾನೂ ರೋಲನ್ ಫ್ರೀಸನ್ನೂ,
ಬಾಯಿಂದ ಹಬೆ ಬಿಡುತ್ತ.
ಕೂತಿದ್ದಕ್ಕೇ ಆಗಲೇ ನಲವತ್ತೆಂಟು ಡಾಲರು.

ಸಸ್ಕಾಚೆವಾನಿನ ಬಯಲಿಗೆ ಅಂಚು ಹೊಲಿದವರಿಲ್ಲ.
ಹಿಮದ ಕೆಳಗೆ ಕನೋಲಾ ಕೂಳೆ,
ದೂರಕ್ಕೆ ಧಾನ್ಯದ ಗೋಪುರ, ಅದರಾಚೆ ಪೊಟ್ಯಾಷ್ ಗಣಿ.
ಗಣಿಯ ಕ್ಯಾಂಟೀನಿನಲ್ಲಿ ರಾತ್ರಿಯೆಲ್ಲ ತಟ್ಟೆ ತೊಳೆದು
ನೇರ ಇಲ್ಲಿಗೆ ಬಂದಿದ್ದಾನೆ ಹುಡುಗ.
ಕೈಗವಸು ತೆಗೆದರೆ ಬೆರಳೆಲ್ಲ ನೆನೆದ ಸುಕ್ಕು.
ಅವನ ಲೆಕ್ಕದಲ್ಲಿ ಆಕಾಶದ ಒಂದು ಗಂಟೆಗೆ
ಎಂಜಲು ತಟ್ಟೆಯ ಹತ್ತೊಂಬತ್ತು ಗಂಟೆ.
ಸಾಲದ್ದಕ್ಕೆ ಸಾಲ.
ಜಾಮೀನು ನಿಂತವಳು ಹಿಲ್ಡಾ ಅತ್ತೆ,
ಊರಿನ ಅರ್ಧ ತಲೆಗಳಿಗೆ ಅವಳದೇ ಕತ್ತರಿ.
ಬ್ಯಾಂಕಿನಲ್ಲಿ ಸಹಿ ಹಾಕಿ ಬಂದ ಸಂಜೆ
ಅವನನ್ನು ಕುರ್ಚಿಯಲ್ಲಿ ಕೂರಿಸಿ ಕ್ರಾಪು ಮಾಡಿದಳಂತೆ:
‘ಪೈಲಟ್ ಥರ ಕಾಣಬೇಕಲ್ಲವೇನೋ.’

ನನ್ನದೂ ಹೇಳಿಬಿಡಬೇಕು.
ದಾರಿಯಾ ಹ್ನಾತಿಯುಕ್, ಇಪ್ಪತ್ತೇಳು ವರ್ಷ,
ತೊಂಬತ್ತೊಂದು ಸಾವಿರ ಬಾಕಿ.
ದೊಡ್ಡ ವಿಮಾನದವರು ಕೇಳುವ ಗಂಟೆಗಳಿಗೆ
ಇನ್ನೂ ನಾನೂರು ಕಮ್ಮಿ.
ಗಂಟೆ ಕೊಳ್ಳಲು ಗತಿಯಿಲ್ಲದವರು ಗುರುಗಳಾಗುತ್ತಾರೆ.
ಶಿಷ್ಯ ಎಡಗಡೆ, ನಾನು ಬಲಗಡೆ,
ಅವನ ಸಾಲದಲ್ಲಿ ಹಾರಿದ್ದು
ನನ್ನ ಪುಸ್ತಕದಲ್ಲೂ ಜಮೆ.
ನನಗೆ ಕಲಿಸಿದವನೂ ಹೀಗೇ ಕೂತಿದ್ದ ನನ್ನ ಸಾಲದ ಮೇಲೆ,
ಸೂರ್ಯಕಾಂತಿ ಬೀಜ ಜಗಿಯುತ್ತ.
ಈಗವನ ಭುಜಕ್ಕೆ ಮೂರು ಪಟ್ಟಿ. ಸಾಲ ಇನ್ನೂ ಅರ್ಧ ಇದೆಯಂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ರೆಕ್ಕೆ ಚಾಚುವವರಿಗೆ ಯಾರೂ ಗಾದೆ ಕಟ್ಟಿಲ್ಲ.

ಕಳೆದ ಮಂಗಳವಾರವೇ ರೋಲನ್ ತಯಾರಾಗಿದ್ದ.
ಐದು ಸಲ ಇಳಿಸಿದ, ಐದೂ ಸಲ
ನಿದ್ದೆಹೋದ ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ.
‘ಇನ್ನೊಂದು ಪಾಠ ಇರಲಿ’ ಅಂದೆ, ‘ಅಡ್ಡಗಾಳಿ ಇದೆ.’
ಇತ್ತು, ಸುಳ್ಳಲ್ಲ.
ಈ ಬಯಲಿನಲ್ಲಿ ಗಾಳಿ ಇಲ್ಲದ್ದು ಯಾವತ್ತು?
ಗುರುವಾರ, ಮತ್ತೆ ಇನ್ನೊಂದು.
ನನ್ನ ನಾನೂರರಲ್ಲಿ ಎರಡೂವರೆ ಕಳೆಯಿತು.
ಅದು ಹಿಲ್ಡಾ ಅತ್ತೆಗೆ ಎಷ್ಟು ತಲೆ ಎಂದು
ಲೆಕ್ಕ ಹಾಕಲಿಲ್ಲ.
ಹಾಕಿದೆ.
ಮೂವತ್ತೊಂದು.

ಇವತ್ತು ಮೂರನೇ ಸುತ್ತು ಇಳಿದ ಮೇಲೆ
‘ಪಕ್ಕಕ್ಕೆ ನಿಲ್ಲಿಸು’ ಅಂದೆ.
ತಪ್ಪಾಯಿತೇನೋ ಎಂದು ನೋಡಿದ.
ಹೆಡ್‌ಸೆಟ್ ಕಳಚಿ, ಬೆಲ್ಟು ಬಿಚ್ಚಿ,
ಬಿಚ್ಚಿದ್ದನ್ನು ಖಾಲಿ ಸೀಟಿಗೆ ಬಿಗಿದು ಕಟ್ಟಿ,
ಎಂಜಿನ್ನಿನ ಸದ್ದಿನೊಳಗೆ ಅವನ ಕಿವಿಗೆ ಕೂಗಿದೆ:
‘ನಾನಿಲ್ಲದೆ ಹಗುರವಾಗಿರುತ್ತದೆ.
ಬೇಗ ಮೇಲೇಳುತ್ತದೆ. ಹೆದರಬೇಡ.’
‘ಈಗಲೇ?’
‘ಮೀಟರು ಓಡುತ್ತಿದೆ, ಹೋಗು.’

ಹಿಮದಲ್ಲಿ ಮೊಣಕಾಲಿನವರೆಗೆ ಹೂತು ನಿಂತೆ.
ಹೇಳಿದ್ದಕ್ಕಿಂತ ಬೇಗ ಎದ್ದಿತು.
ಗೋಪುರದ ಮೇಲೆ ತಿರುಗುವಾಗ
ಹೊಳೆದಿದ್ದು ರೆಕ್ಕೆಯೋ ನನ್ನ ಕಣ್ಣ ನೀರೋ.
ಆರು ನಿಮಿಷ.
ಮೊದಲ ಬಾರಿ ನನ್ನ ಪುಸ್ತಕಕ್ಕೆ ಸೇರದ ಅಂಕಿಯೊಂದನ್ನು
ಕತ್ತೆತ್ತಿ ನೋಡುತ್ತಿದ್ದೆ.

ಇಳಿಯುವಾಗ ಒಮ್ಮೆ ಪುಟಿಯಿತು,
ಅಳತೆ ತಪ್ಪಿದ ಹಗುರ.
ಇನ್ನೊಮ್ಮೆ ಮುಟ್ಟಿ ಸುಮ್ಮನಾಯಿತು.
ಪ್ರೊಪೆಲ್ಲರ್ ನಿಂತಿತು. ಮೀಟರೂ.
ಬಾಗಿಲು ತೆರೆದು, ನಡುಗುತ್ತ, ನಗುತ್ತ,
ಅವನು ಕೇಳಿದ ಮೊದಲ ಮಾತು:
‘ಎಷ್ಟಾಯ್ತು?’

ಮೊದಲ ಸಲ ಒಂಟಿ ಹಾರಿದವರ ತಲೆಗೆ
ಬಕೆಟ್ಟು ನೀರು ಸುರಿಯುವುದು ಇಲ್ಲಿನ ಪದ್ಧತಿ.
ನೀರೆಲ್ಲ ಕಲ್ಲಾಗಿರುವ ತಿಂಗಳು.
ಬಗ್ಗಿ ಎರಡು ಬೊಗಸೆ ಹಿಮ ಬಾಚಿ
ಅತ್ತೆಯ ಕ್ರಾಪಿನ ಮೇಲೆ ಸುರಿದೆ.